ಎಡಗೆನ್ನೆಯ ಗುಳಿ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಸಾಲು ಹಿಡಿದು ಬರೆದರೂ ಹಾಳೆಯ ಕೊನೆ ಬರುವಷ್ಟರಲ್ಲಿ ಇಳಿಜಾರು ಹಿಡಿಯುತ್ತದೆ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು, ದೊಡ್ಡ ಮಾತುಗಳು ಬರುವುದಿಲ್ಲ. ಗೊತ್ತಿರುವ ಪದಗಳನ್ನೇ ಒರೆಸಿ ಇಟ್ಟಿದ್ದೇನೆ. ಈ ಕಥೆಯ ಮೇಸ್ತ್ರಿ ನನಗೆ ಚಿಕ್ಕಪ್ಪ ಆಗಬೇಕು. ಆ ದಿನ ನಾನು ಅಲ್ಲಿರಲಿಲ್ಲ. ಚಿಕ್ಕಪ್ಪನನ್ನು ಮೂರು ಸಲ, ಚಿಕ್ಕಮ್ಮನನ್ನು ಎರಡು ಸಲ ಕೇಳಿ ಬರೆದಿದ್ದೇನೆ. ಇಬ್ಬರ ಮಾತೂ ಹೊಂದದ ಕಡೆ ಚಿಕ್ಕಮ್ಮನ ಮಾತನ್ನೇ ಇಟ್ಟುಕೊಂಡಿದ್ದೇನೆ, ಏಕೆಂದರೆ ಆ ದಿನ ಚಿಕ್ಕಪ್ಪ ಬೆವರು ಒರೆಸಿಕೊಳ್ಳುವುದರಲ್ಲೇ ಇದ್ದರಂತೆ.

ಅವರನ್ನು ಎಲ್ಲರೂ ಕರೆಯುವುದು ಅಂಗೈ ಮೇಸ್ತ್ರಿ ಎಂದು. ಕಾರುಗಳ ನೆಗ್ಗಿದ ತಗಡನ್ನು ನೆಟ್ಟಗೆ ಮಾಡುವುದು ಅವರ ಕೆಲಸ. ಮೂವತ್ತೊಂದು ವರ್ಷದಿಂದ ಒಂದೇ ಶೆಡ್ಡು, ಒಂದೇ ಕೆಲಸ. ಕಾರು ಬಂದರೆ ಮೊದಲು ಕಣ್ಣು ಮುಚ್ಚುತ್ತಾರೆ. ಆಮೇಲೆ ಬಲ ಅಂಗೈಯನ್ನು ತಗಡಿನ ಮೇಲಿಟ್ಟು, ಮಗುವಿನ ಬೆನ್ನು ಸವರಿದ ಹಾಗೆ ಮುಂದಿನಿಂದ ಹಿಂದಕ್ಕೆ ಸವರುತ್ತಾರೆ. ಕಣ್ಣಿಗೆ ಕಾಣದ ನೆಗ್ಗು ಕೈಗೆ ಸಿಗುತ್ತದೆ. "ಕಣ್ಣಿಗೆ ಬಣ್ಣ ಲಂಚ ಕೊಡುತ್ತೆ. ಅಂಗೈಗೆ ಯಾರೂ ಲಂಚ ಕೊಡೋಕಾಗಲ್ಲ" ಎನ್ನುವುದು ಅವರ ಮಾತು.

ಈ ಕೈಯ ಮೇಲೆ ಮನೆಯವರಿಗೆಲ್ಲ ಎಷ್ಟು ನಂಬಿಕೆಯೆಂದರೆ, ನಮ್ಮಲ್ಲಿ ಯಾರು ಏನು ಹೊಸದು ಕೊಂಡರೂ ಮೊದಲು ಮೇಸ್ತ್ರಿಯ ಮುಂದೆ ತಂದಿಡಬೇಕು. ಕುಕ್ಕರ್ ಇರಲಿ, ಕಬ್ಬಿಣದ ಬೀರು ಇರಲಿ, ಫ್ರಿಜ್ ಇರಲಿ, ಅವರು ಕೈಯಾಡಿಸಿ "ಹೂಂ" ಅಂದಮೇಲೆಯೇ ಮನೆಯೊಳಗೆ ಪ್ರವೇಶ. ಒಮ್ಮೆ ಸೋದರಮಾವ ತಂದ ನೀರಿನ ಟ್ಯಾಂಕನ್ನು "ಉಹೂಂ" ಎಂದು ವಾಪಸು ಕಳಿಸಿದ್ದರು. ಅಂಗಡಿಯವನು ಬಂದು ಹುಡುಕಿ ಹುಡುಕಿ ಸೋತು, ಕೊನೆಗೆ ಟ್ಯಾಂಕಿನ ತಳದಲ್ಲಿ ಗುಬ್ಬಿಯ ಮೊಟ್ಟೆಯಷ್ಟು ನೆಗ್ಗು ಕಂಡು ಕೈಮುಗಿದು ಹೋದನಂತೆ.

ಶೆಡ್ಡಿನ ಇನ್ನೊಂದು ಮೂಲೆ ಅವರ ಹೆಂಡತಿಯದು. ಆಕೆ ಕಾರಿನ ಸೀಟುಗಳಿಗೆ ಕವರು ಹೊಲಿಯುತ್ತಾರೆ. ಗಿರಾಕಿಗಳಿಗೆ ಆಕೆ ಟೈಲರಮ್ಮ. ಮೇಸ್ತ್ರಿಯ ಸುತ್ತಿಗೆ ನಿಂತರೆ ಟೈಲರಮ್ಮನ ಹೊಲಿಗೆ ಮಿಷನ್ನು, ಮಿಷನ್ನು ನಿಂತರೆ ಟೈಲರಮ್ಮನ ಬಾಯಿ. ಶೆಡ್ಡು ಎಂದೂ ಸುಮ್ಮನಿದ್ದದ್ದಿಲ್ಲ.

ಇಷ್ಟರ ನಡುವೆ ಮೇಸ್ತ್ರಿಯ ಅಕ್ಕ ಹೊಸ ಕಾರು ಕೊಂಡರು.

ಅಕ್ಕ ಮೂವತ್ತನಾಲ್ಕು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ಮೇಸ್ತ್ರಿಗಿಂತ ಒಂಬತ್ತು ವರ್ಷ ದೊಡ್ಡವರು; ತಮ್ಮನಿಗೆ ಅಕ್ಷರ ಕಲಿಸಿದವರೂ ಅವರೇ, ಕಿವಿ ಹಿಂಡಿದವರೂ ಅವರೇ. ಇಷ್ಟು ವರ್ಷ ಅವರು ಓಡಿಸಿದ್ದೆಲ್ಲ ಬೇರೆಯವರು ಓಡಿಸಿ ಬಿಟ್ಟದ್ದು. ಸೈಕಲ್ಲು ಯಾರದೋ, ಸ್ಕೂಟರ್ ಡಾಕ್ಟರದು, ಹಳೆಯ ಪುಟ್ಟ ಕಾರು ಡಾಕ್ಟರ ಅತ್ತೆಯದು. ಒಂದೊಂದೂ ಮೇಸ್ತ್ರಿಯ ಕೈಯಲ್ಲಿ ಹತ್ತು ಸಲ ಮೈ ತಿದ್ದಿಸಿಕೊಂಡದ್ದು. ನಿವೃತ್ತಿ ಆದ ಮೇಲೆ ಅಕ್ಕ ಒಂದು ಹಟ ಹಿಡಿದರು: ಐದು ಜನ ಆರಾಮವಾಗಿ ಕೂರುವ, ಹೊಚ್ಚ ಹೊಸ, ಯಾರೂ ಮುಟ್ಟದ ಕಾರು ಬೇಕು. ತಮ್ಮ ಜೊತೆ ಕೆಲಸ ಮಾಡಿದ ನಾಲ್ಕು ಜನ ನರ್ಸಮ್ಮಂದಿರನ್ನು ಕೂರಿಸಿಕೊಂಡು ಸಮುದ್ರ ನೋಡಿ ಬರಬೇಕು.

ಶೋರೂಮಿಗೆ ಅವರು ನಾಲ್ಕು ಸಲ ಹೋದರು. ಆ ಕಾರು ನಾಲ್ಕು ಥರದ ಎಂಜಿನ್‌ನಲ್ಲಿ ಬರುತ್ತಿತ್ತು. ಸೇಲ್ಸ್‌ಮನ್ ಅಷ್ಟೂ ಅಂಕಿಗಳನ್ನು ಬಾಯಿಪಾಠ ಒಪ್ಪಿಸಿದ. ಅಕ್ಕ ಅಂಕಿಗಳನ್ನು ಕೇಳಲಿಲ್ಲ. ಬಾನೆಟ್ ಎತ್ತಿಸಿ, ತಲೆ ಬಗ್ಗಿಸಿ, ಎಂಜಿನ್ನಿಗೇ ಕಿವಿ ಕೊಟ್ಟರು.

ಮೊದಲು ಡೀಸೆಲ್. "ಶಕ್ತಿ ಇದೆ, ಒಪ್ಪಿದೆ. ಆದರೆ ಎದೇಲಿ ಕಫ ಇದೆ" ಎಂದರು.

ಎರಡನೆಯದು ಟರ್ಬೊ ಪೆಟ್ರೋಲ್. ಸೇಲ್ಸ್‌ಮನ್ ಹುರುಪಿನಿಂದ, "ಮೇಡಂ, ಒತ್ತಿದ ತಕ್ಷಣ ಹಾರುತ್ತೆ" ಎಂದ. "ಅದೇ ನೋಡಪ್ಪಾ ತೊಂದರೆ. ಇದಕ್ಕೆ ಬಿಪಿ. ಉಪ್ಪು ಕಮ್ಮಿ ಮಾಡಬೇಕು" ಎಂದರು ಅಕ್ಕ.

ಮೂರನೆಯದು ಪೆಟ್ರೋಲಿನ ಜೊತೆ ಬ್ಯಾಟರಿಯೂ ಇರುವ ಹೈಬ್ರಿಡ್. ಅದನ್ನು ಓಡಿಸಿ ನೋಡುವಾಗ ಸಿಗ್ನಲ್ಲಿನಲ್ಲಿ ಎಂಜಿನ್ ತಾನಾಗಿಯೇ ಸುಮ್ಮನಾಯಿತು. ಅಕ್ಕ ಎದೆ ಹಿಡಿದುಕೊಂಡು, "ಅಯ್ಯೋ, ಉಸಿರು ನಿಂತೋಯ್ತು!" ಎಂದು ಡ್ಯಾಶ್‌ಬೋರ್ಡನ್ನು ಎರಡು ಸಲ ತಟ್ಟಿದರು, ಹುಟ್ಟಿದ ತಕ್ಷಣ ಅಳದ ಮಗುವನ್ನು ತಟ್ಟುವ ಹಾಗೆ. "ಹಾಗಲ್ಲ ಮೇಡಂ, ಪೆಟ್ರೋಲ್ ಉಳೀಲಿ ಅಂತ ಅದೇ ನಿಂತ್ಕೊಳ್ಳುತ್ತೆ" ಎಂದು ಅವನು ಎಷ್ಟು ಹೇಳಿದರೂ, "ಒಳ್ಳೇ ಗಾಡಿನೇ ಇರಬಹುದು ಕಣಪ್ಪ. ದಾರಿಯುದ್ದಕ್ಕೂ ನಾಡಿ ಹಿಡ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ" ಎಂದುಬಿಟ್ಟರು.

ಕೊನೆಯದು ಒಂದೂವರೆ ಲೀಟರಿನ ಸಾದಾ ಪೆಟ್ರೋಲ್. ಅಕ್ಕ ಕಣ್ಣು ಮುಚ್ಚಿ ಪೂರ್ತಿ ಒಂದು ನಿಮಿಷ ಕೇಳಿದರು. "ಇದು ಆರೋಗ್ಯವಾಗಿದೆ. ಡಿಸ್ಚಾರ್ಜ್ ಮಾಡಿ, ಮನೆಗೆ ಕರ್ಕೊಂಡು ಹೋಗ್ತೀನಿ" ಎಂದರು.

ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಆ ಕಾರು ಶೆಡ್ಡಿನ ಮುಂದೆ ಬಂದು ನಿಂತಿತು. ಕಡು ನೀಲಿ ಬಣ್ಣ. ಮುಂದಿನ ದೀಪಗಳು ನಗುವಾಗ ಕಿರಿದಾದ ಕಣ್ಣುಗಳ ಹಾಗೆ. ಅಲ್ಲಿಂದ ಹೊರಟ ಒಂದು ಗೆರೆ ಎರಡು ಬಾಗಿಲು ದಾಟಿ ಹಿಂದಿನ ದೀಪದವರೆಗೆ ಒಂದೇ ಉಸಿರಿಗೆ ಹೋಗಿತ್ತು.

ಅಕ್ಕ ಕೀಲಿಯನ್ನು ತಮ್ಮನ ಕೈಗೆ ಹಾಕಿದರು. "ಲೋ, ಎಂಜಿನ್ ನಾನು ಕೇಳಿದ್ದಾಯ್ತು. ಮೈ ನೀನು ನೋಡು. ನಾಲ್ಕು ಗಂಟೆಗೆ ಬರ್ತೀನಿ, ಅಲ್ಲಿಂದ ಸೀದಾ ಹೊರಡೋದು. ನಾಲ್ಕೂ ಜನ ಬ್ಯಾಗ್ ಕಟ್ಕೊಂಡು ಕೂತಿದಾರೆ."

"ಹೊಸ ಕಾರಲ್ವೇನಕ್ಕಾ, ಏನು ನೋಡೋದು?"

"ಸುಮ್ನೆ ಕೈಯಾಡ್ಸು. ನನ್ನ ಜನ್ಮದಲ್ಲಿ ನೀನು ರಿಪೇರಿ ಮಾಡದೇ ಇರೋ ಗಾಡಿ ಇದೊಂದೇ. ಅದಕ್ಕೂ ಒಂದು 'ಹೂಂ' ಅಂದ್ಬಿಡು, ನಂಗೆ ಸಮಾಧಾನ." ಹೀಗೆಂದು ಅಕ್ಕ ಬಸ್ಸು ಹತ್ತಿ ಹೋದರು.

ಟೈಲರಮ್ಮನ ಸೀಟುಗಳ ರಾಶಿ ಎಡಗಡೆ ಇದ್ದುದರಿಂದ, ಮೇಸ್ತ್ರಿ ಕಾರನ್ನು ಬಲಗಡೆಯ ಗೋಡೆಗೆ ಒತ್ತಿ ನಿಲ್ಲಿಸಿದರು. ನಡುವೆ ಒಂದು ತೋಳು ತೂರುವಷ್ಟು ಜಾಗ ಉಳಿಯಿತು. ಎಡಗಡೆ ನಿಂತು ಕಣ್ಣು ಮುಚ್ಚಿ ಕೈಯಿಟ್ಟರು. ಬಾನೆಟ್, ಹೂಂ. ಮುಂದಿನ ಬಾಗಿಲು, ಹೂಂ. ಹಿಂದಿನ ಬಾಗಿಲು, ಹೂಂ. ಹಿಂದಿನ ಚಕ್ರದ ಮೇಲೆ, ದೀಪಕ್ಕೆ ಒಂದು ಗೇಣು ಮುಂಚೆ, ಅಂಗೈ ನಿಂತಿತು.

ತಗ್ಗು. ಅಂಗೈಯಗಲದ, ಮೆತ್ತಗೆ ಇಳಿದು ಮೆತ್ತಗೆ ಏರುವ ತಗ್ಗು.

ಮೇಸ್ತ್ರಿಗೆ ಮೈ ಉರಿದು ಹೋಯಿತು. ಅಕ್ಕನ ಮೊದಲ ಹೊಸ ಕಾರಿಗೇ ಹೀಗಾ? ಗೋದಾಮಿನಲ್ಲಿ ಯಾರೋ ಗುದ್ದಿದ್ದಾರೆ, ಬಣ್ಣ ಹೋಗಿಲ್ಲ ಎಂದು ಸುಮ್ಮನೆ ದಾಟಿಸಿದ್ದಾರೆ! ಆ ಕೋಪದಲ್ಲಿಯೇ ಶೋರೂಮಿಗೆ ಫೋನು ಹಚ್ಚಿದರು.

"ಏನ್ರೀ, ನೆಗ್ಗಿರೋ ಕಾರ್ ಮಾರ್ತೀರಾ ನೀವು?"

"ಎಲ್ಲಿ ಸಾರ್?" ಎಂದ ಸೇಲ್ಸ್‌ಮನ್.

"ಹಿಂದಿನ ಚಕ್ರದ ಮೇಲೆ. ಅಂಗೈಯಗಲ!"

"ಸಾರ್, ಅದು ನೆಗ್ಗಲ್ಲ, ಅದು..."

"ನಂಗೆ ಹೇಳಿಕೊಡ್ತೀರಾ? ಮೂವತ್ತೊಂದು ವರ್ಷ ಆಯ್ತು ಈ ಕೈ ತಗಡು ಮುಟ್ಟೋಕೆ ಶುರು ಮಾಡಿ!" ಎಂದು ಫೋನು ಇಟ್ಟರು. ಅದು ಮತ್ತೆ ಮತ್ತೆ ಬಡಿದುಕೊಂಡಿತು. ಮೇಸ್ತ್ರಿ ಅದನ್ನು ಡಬ್ಬಿಯ ಮೇಲೆ ಮಗುಚಿ ಹಾಕಿದರು.

ಕಾರನ್ನು ವಾಪಸು ಕಳಿಸಿದರೆ ಸಂಜೆಯ ಪ್ರಯಾಣ ಹೋಯಿತು. ಆದ್ದರಿಂದ ಅಕ್ಕನಿಗೆ ಗೊತ್ತೇ ಆಗದ ಹಾಗೆ ತಾವೇ ಸರಿಮಾಡಿ, ನಾಲ್ಕು ಗಂಟೆಗೆ "ಹೂಂ" ಎಂದುಬಿಡುವುದು ಎಂದು ನಿಶ್ಚಯಿಸಿದರು. ಹಿಂದಿನ ದೀಪ ಬಿಚ್ಚಿ, ಆ ತೂತಿನಿಂದ ಉದ್ದನೆಯ ಬಾಗಿದ ಸರಳನ್ನು ಒಳಗೆ ತೂರಿಸಿ, ಬಣ್ಣ ಬಿರಿಯದಂತೆ ಹೊರಗಿನಿಂದ ಬಿಸಿಗಾಳಿ ಕೊಡುತ್ತ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಒತ್ತಿದರು. ತಗಡು ಒಪ್ಪಲಿಲ್ಲ. ಒತ್ತಿದಷ್ಟೂ ಹಿಂದಕ್ಕೆ ಸರಿಯಿತು. "ಎಲಾ ಇವ್ನ, ಎಷ್ಟು ಜೋರಾಗಿ ಗುದ್ದಿದಾನೆ ಪಾಪಿ!" ಎಂದುಕೊಂಡು ಇನ್ನಷ್ಟು ಹಟದಿಂದ ಒತ್ತಿದರು. ಹನ್ನೊಂದೂವರೆಗೆ ಆ ಜಾಗ ಡಬ್ಬಿಯ ಮುಚ್ಚಳದ ಹಾಗೆ ಸಪಾಟಾಯಿತು. ಬಣ್ಣದ ಮೇಲೆ ಒಂದು ಗೀರೂ ಇಲ್ಲ. ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ನಕ್ಕರು. ಅಷ್ಟು ಒಳ್ಳೆಯ ಕೆಲಸ ಅವರು ಆ ವರ್ಷ ಮಾಡಿರಲಿಲ್ಲವಂತೆ.

ಫೋನು ಹದಿನಾಲ್ಕನೆಯ ಸಲ ಬಡಿದುಕೊಂಡಿತು. ಈ ಸಲ ಎತ್ತಿದವರು ಟೈಲರಮ್ಮ.

"ಹಲೋ... ಹೌದು... ಹೂಂ... ಏನು?... ಎರಡೂ ಕಡೆನಾ?" ಎಂದರು. ಫೋನು ಇಟ್ಟು, ಏನೂ ಮಾತಾಡದೆ, ಕಾರಿನ ಮುಂದಿನ ಖಾನೆ ತೆಗೆದು ಬಣ್ಣದ ಪುಸ್ತಕವೊಂದನ್ನು ಹೊರಗೆಳೆದರು. ಟೈಲರಮ್ಮ ಮಾತಾಡದೆ ಇದ್ದದ್ದನ್ನು ಕಂಡೇ ಮೇಸ್ತ್ರಿಯ ನಗು ನಿಂತಿತು.

"ರೀ, ಇಲ್ಲಿ ಬನ್ನಿ. ಓದಿ."

ಪುಸ್ತಕದಲ್ಲಿ ಅದೇ ಕಾರಿನ ಹಿಂಭಾಗದ ದೊಡ್ಡ ಚಿತ್ರ. ಚಕ್ರದ ಮೇಲೆ ಆ ತಗ್ಗು, ಅದರಲ್ಲಿ ಬೆಳಕು ಬೊಗಸೆಯಲ್ಲಿ ನಿಂತ ನೀರಿನ ಹಾಗೆ ನಿಂತಿತ್ತು. ಕೆಳಗೆ, ಈ ಕಾರಿನ ಅಂದವೆಲ್ಲ ಈ ತಗ್ಗಿನಲ್ಲಿದೆ ಎಂಬರ್ಥದ ಎರಡು ಸಾಲು.

"ಇದು ಕಂಪನಿಯವರೇ ಬೇಕು ಅಂತ ಇಟ್ಟಿದ್ದಂತೆ. ಆಕಡೆ ಒಂದು, ಈಕಡೆ ಒಂದು" ಎಂದರು ಟೈಲರಮ್ಮ.

ಮೇಸ್ತ್ರಿ ಗೋಡೆಗೂ ಕಾರಿಗೂ ನಡುವಿನ ಸಂದಿಯಲ್ಲಿ ತೋಳು ತೂರಿಸಿದರು. ಭುಜ ಗೋಡೆಗೆ ಉಜ್ಜಿತು. ಬೆರಳು ಮುಂದೆ ಸರಿದವು, ಅಂಗೈ ಮುಂದೆ ಸರಿಯಿತು, ನಿಂತಿತು. ಅಲ್ಲಿತ್ತು. ಅದೇ ಅಗಲ, ಅದೇ ಇಳಿತ, ಅದೇ ಏರು. ಪಾಪ, ಅಂಗೈಯದು ತಪ್ಪಿರಲಿಲ್ಲ. ಅದು ತಗ್ಗು ಎಂದಷ್ಟೇ ಹೇಳಿತ್ತು. ನೆಗ್ಗು ಎಂದು ತೀರ್ಮಾನ ಕೊಟ್ಟವರು ಮೇಸ್ತ್ರಿ.

ಅವರು ಅಲ್ಲೇ ಬಿದ್ದಿದ್ದ ಹಳೆಯ ಟೈರಿನ ಮೇಲೆ ಕೂತರು. "ಹೊಸ ಕಾರಿಗೆ ಯಾರಾದ್ರೂ ತಾವೇ ನೆಗ್ಗು ಹಾಕ್ತಾರೇನೇ?"

"ಹಾಕ್ತಾರೆ. ನಿಮ್ಮಕ್ಕ ಅದನ್ನೇ ಮೆಚ್ಚಿ ತಗೊಂಡಿದ್ದು. ಮೊನ್ನೆ ಫೋನಲ್ಲಿ ಅರ್ಧ ಗಂಟೆ ಅದೊಂದೇ ಮಾತು. 'ಮಗೂಗೆ ಗುಳಿ ಬಿದ್ದ ಹಾಗಿದೆ ಕಣೇ, ಎರಡೂ ಕೆನ್ನೇಲಿ' ಅಂತ."

"ಮೊದಲೇ ಬೊಗಳಬಾರದಿತ್ತಾ?"

"ನೀವು ಕಣ್ಣು ಮುಚ್ಕೊಂಡಿದ್ರಿ. ನಾನು ಮಿಷನ್ ತುಳೀತಿದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ, ಸರಿ. ಅಂಗೈ ಬುದ್ಧಿಗೆ ಬೇಕು ಅಂತ ಇವತ್ತು ಗೊತ್ತಾಯ್ತು."

ಮೇಸ್ತ್ರಿ ನಗಲಿಲ್ಲ. ಕಣ್ಣ ಮುಂದೆ ಅಕ್ಕನ ಮುಖ ಬಂದಿತ್ತು. ಇಷ್ಟು ವರ್ಷ ಕಾದು ತಂದ, ಯಾರೂ ಮುಟ್ಟದ ಕಾರು. ಎರಡು ಗುಳಿಯಲ್ಲಿ ಒಂದನ್ನು ತಮ್ಮನೇ ಒರೆಸಿ ಹಾಕಿದ್ದ. ಗಡಿಯಾರ ಹನ್ನೆರಡು ತೋರಿಸುತ್ತಿತ್ತು.

"ಇಷ್ಟು ದಿನ ನೆಗ್ಗು ತೆಗೆದೆ. ಹಾಕೋದು ಹೆಂಗೆ ಅಂತ ಯಾರೂ ಹೇಳಿಕೊಟ್ಟಿಲ್ಲ ಕಣೇ" ಎಂದರು.

ಟೈಲರಮ್ಮ ಗಂಡನ ಮುಖ ನೋಡಿ ತಮಾಷೆ ಬಿಟ್ಟರು. ಸೆರಗು ಸಿಕ್ಕಿಸಿಕೊಂಡು, "ಏಳಿ. ಕಾರು ಹೊರಗೆ ತಳ್ಳಿ. ಬಲತೋಳಿನ ಅಳತೆ ಇದ್ರೆ ಎಡತೋಳು ಹೊಲಿಯೋಕೆ ಬರಲ್ವಾ ನಂಗೆ?" ಎಂದರು.

ಇಬ್ಬರೂ ಸೇರಿ ಕಾರನ್ನು ಅಂಗಳಕ್ಕೆ ತಳ್ಳಿದರು. ಟೈಲರಮ್ಮ ಬಟ್ಟೆಯ ಪೆಟ್ಟಿಗೆಯ ರಟ್ಟು ಹರಿದು, ಬಲಗಡೆಯ ಗುಳಿಗೆ ಹಿಡಿದು, ಕತ್ತರಿಯಿಂದ ಚೂರು ಚೂರೇ ಸವರಿ, ರಟ್ಟಿನ ಅಂಚು ತಗಡಿಗೆ ಕೂತು ನಡುವೆ ಬೆಳಕು ಇಣುಕದ ಹಾಗೆ ಮಾಡಿದರು. ಮೇಲಕ್ಕೊಂದು, ನಡುವಿಗೊಂದು, ಕೆಳಗೊಂದು, ಹೀಗೆ ಮೂರು ಅಚ್ಚು. ಒಂದೊಂದನ್ನೂ ದೀಪದಿಂದ ಎಷ್ಟು ಬೆರಳು ದೂರ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಆಮೇಲೆ ಮೂರನ್ನೂ ಮಗುಚಿ ಎಡಗಡೆಗೆ ತಂದರು.

"ಕಣ್ಣು ಬಿಟ್ಕೊಂಡು ಕೆಲಸ ಮಾಡಿ ಇವತ್ತು" ಎಂದರು.

ಮೇಸ್ತ್ರಿ ಬಿಸಿಗಾಳಿ ಕೊಟ್ಟು ತಗಡನ್ನು ಬೆಚ್ಚಗೆ ಮಾಡಿದರು. ಟೈಲರಮ್ಮ ಮೆತ್ತನೆ ಚರ್ಮದೊಳಗೆ ಬಟ್ಟೆ ತುಂಬಿ ಒಂದು ಉಂಡೆ ಹೊಲಿದುಕೊಟ್ಟರು. ಮೇಸ್ತ್ರಿ ಅದನ್ನು ಅಂಗೈಯಲ್ಲಿ ಹಿಡಿದು, ಉಸಿರು ಕಟ್ಟಿ ಒತ್ತಿದರು. ಏನೂ ಆಗಲಿಲ್ಲ. ಇನ್ನೊಂದು ಸ್ವಲ್ಪ. ಏನೂ ಇಲ್ಲ. ಮೂರನೆಯ ಸಲ 'ಟಕ್' ಎಂದಿತು. ಇಬ್ಬರೂ ಬೆಚ್ಚಿ ಹಿಂದೆ ಸರಿದರು. ಬಣ್ಣ ಬಿರಿಯಿತು ಎಂದೇ ಮೇಸ್ತ್ರಿ ತಿಳಿದರು. ಬಗ್ಗಿ ನೋಡಿದರೆ ಬಣ್ಣ ಇದ್ದ ಹಾಗೇ ಇದೆ. ತಗಡು ತಾನೇ ಒಳಗೆ ಹೋಗಿ ಕೂತಿದೆ.

"ಇದಕ್ಕೆ ತನ್ನ ಜಾಗ ನೆನಪಿದೆ ಕಣೇ!" ಎಂದು ಕೂಗಿದರು. ಬೆಳಿಗ್ಗೆಯೆಲ್ಲ ಅದು ಯಾಕೆ ಹಟ ಮಾಡಿತು ಎಂದು ಆಗ ತಿಳಿಯಿತು. ಅಚ್ಚು ಒತ್ತಿ ಹುಟ್ಟಿಸಿದ ತಗಡು. ಅದಕ್ಕೆ ತಗ್ಗಾಗಿರುವುದೇ ಸುಖ.

ಆದರೆ ರಟ್ಟು ಹಿಡಿದರೆ ಮೇಲಿನ ಅಂಚಿನಲ್ಲಿ ಬೆಳಕು ಇಣುಕಿತು. ಅಲ್ಲಿಂದ ಮೂರು ಗಂಟೆ ಅದೇ ಕೆಲಸ. ಟೈಲರಮ್ಮ ರಟ್ಟು ಹಿಡಿದು, "ಇಲ್ಲಿ ಬಿಗಿ", "ಇಲ್ಲಿ ಸಡಿಲ", "ಅಯ್ಯೋ ಕಂಕುಳು ಎಳೀತಿದೆ" ಎಂದು ರವಿಕೆಯ ಅಳತೆ ನೋಡುವವರ ಹಾಗೆ ಹೇಳುತ್ತಿದ್ದರು. ಮೇಸ್ತ್ರಿ ಒಳಗಿನಿಂದ ಒಮ್ಮೆ, ಹೊರಗಿನಿಂದ ಒಮ್ಮೆ ಒತ್ತುತ್ತಿದ್ದರು. ಊಟದ ಡಬ್ಬಿ ತೆರೆಯಲಿಲ್ಲ. ನಡುವೆ ಸೇಲ್ಸ್‌ಮನ್ನಿಗೆ ಮೇಸ್ತ್ರಿಯೇ ಫೋನು ಮಾಡಿ, "ತಪ್ಪು ನಂದಪ್ಪ. ಮನಸ್ಸಿಗೆ ಹಚ್ಕೋಬೇಡ" ಎಂದರು. ಅವನು ಪಾಪ, "ಪರವಾಗಿಲ್ಲ ಸಾರ್, ಹೈಬ್ರಿಡ್ ಓಡಿಸಿದ ದಿನ ಮೇಡಂ ಕೊಟ್ಟ ಗಾಬರಿಗಿಂತ ಇದು ಕಮ್ಮಿ" ಎಂದನಂತೆ.

ಮೂರೂ ಮುಕ್ಕಾಲಿಗೆ ಮೂರೂ ರಟ್ಟು ಕೂತವು. ದೀಪ ಸಿಕ್ಕಿಸಿ, ಒರೆಸಿ, ಸೀಮೆಸುಣ್ಣ ಅಳಿಸುವಷ್ಟರಲ್ಲಿ ಆಟೋದಿಂದ ಅಕ್ಕ ಇಳಿದರು. ಹೊಸ ಚಪ್ಪಲಿ, ತಂಪು ಕನ್ನಡಕ, ಕೈಯಲ್ಲಿ ನೀರಿನ ಬಾಟಲಿ.

"ಏನೋ, ಏನಂತು ಅಂಗೈ?"

ಟೈಲರಮ್ಮ ಹಿಂದಿನಿಂದ ಗಂಡನ ಷರ್ಟು ಜಗ್ಗಿದರು. ಒಂದು "ಹೂಂ" ಎಂದರೆ ಮುಗಿಯುತ್ತಿತ್ತು. ಮೇಸ್ತ್ರಿ ಬಾಯಿ ತೆರೆದರು, ಬರಲಿಲ್ಲ. ಕುಕ್ಕರಿಗೆ, ಬೀರುವಿಗೆ ಸುಳ್ಳು ಹೂಂ ಹೇಳಿದವರಲ್ಲ. ಅಕ್ಕನ ಕಾರಿಗೆ ಹೇಗೆ ಹೇಳುವುದು?

"ಅಕ್ಕಾ, ಎಡಗಡೆ ಗುಳಿ ಕಂಪನಿದಲ್ಲ. ನಂದು" ಎಂದರು. ಆಮೇಲೆ ಎಲ್ಲವನ್ನೂ ಹೇಳಿದರು, ಫೋನಿನಿಂದ ಹಿಡಿದು ರಟ್ಟಿನವರೆಗೆ, ತಲೆ ತಗ್ಗಿಸಿ, ಕೈಕಟ್ಟಿ, ಹೋಂವರ್ಕ್ ಮಾಡದೆ ಬಂದವರ ಹಾಗೆ. "ನಾನು ರಿಪೇರಿ ಮಾಡದೇ ಇರೋ ಗಾಡಿ ಇದೊಂದೇ ಅಂದಿದ್ದೆ ನೀನು. ಅದನ್ನೂ ಬಿಡಲಿಲ್ಲ ನಾನು."

ಅಕ್ಕ ಕನ್ನಡಕ ತೆಗೆದರು. ಕಾರಿನ ಹಿಂದೆ ಹೋದರು. ಬಲಗುಳಿ ಮುಟ್ಟಿದರು. ಎಡಗುಳಿ ಮುಟ್ಟಿದರು. ಮತ್ತೆ ಬಲ, ಮತ್ತೆ ಎಡ.

"ಒಂದೇ ಥರ ಇದೆಯಲ್ಲೋ."

"ಇಲ್ಲ. ಎಡಗಡೆದು ಕೂದಲೆಳೆ ಆಳ. ಕಣ್ಣಿಗೆ ಕಾಣಲ್ಲ. ನಂಗೆ ಗೊತ್ತಾಗುತ್ತೆ."

ಅಕ್ಕನ ತುಟಿ ನಡುಗಿತು. ಅತ್ತರು ಎಂದುಕೊಂಡರೆ, ನಗು! ಹೊಟ್ಟೆ ಹಿಡಿದುಕೊಂಡು, ಡಿಕ್ಕಿಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಹೊಸ ಕಾರಿನ ಗುಳಿ ತೆಗೆದು... ಮತ್ತೆ ಗುಳಿ ಹಾಕಿ... ಅಯ್ಯೋ ನನ್ನ ತಮ್ಮನೇ! ಮೂವತ್ತನಾಲ್ಕು ವರ್ಷದಲ್ಲಿ ಎಷ್ಟು ಮಕ್ಕಳನ್ನ ಎತ್ತಿದೀನಿ ಗೊತ್ತಾ? ಎರಡೂ ಕೆನ್ನೆ ಗುಳಿ ಒಂದೇ ಆಳ ಇರೋ ಮಗು ಒಂದೂ ಕಂಡಿಲ್ಲ ಕಣೋ. ಕಂಪನಿಯವರು ತಪ್ಪು ಮಾಡಿದ್ರು, ನೀನು ಸರಿ ಮಾಡಿದೀಯ!"

ಟೈಲರಮ್ಮನೂ ನಗಲು ಶುರುಮಾಡಿದರು. ಮೇಸ್ತ್ರಿ ಇಬ್ಬರನ್ನೂ ನೋಡಿ ನೋಡಿ, ಕೊನೆಗೆ ತಾವೂ ನಕ್ಕರು. ಆಗ ಹೊಟ್ಟೆ ಹಸಿದಿದೆ ಎಂದು ಗೊತ್ತಾಯಿತಂತೆ.

"ಹತ್ತು ಇಬ್ಬರೂ" ಎಂದರು ಅಕ್ಕ.

"ನಾವ್ಯಾಕಕ್ಕಾ? ನಾಲ್ಕು ಜನ ಕಾಯ್ತಿದಾರೆ."

"ಅವರು ಕಾಯ್ತಿರೋ ಮನೆವರೆಗೆ ಬನ್ನಿ. ದಾರೀಲಿ ಹೋಟೆಲಲ್ಲಿ ಹೊಟ್ಟೆ ತುಂಬಿಸ್ತೀನಿ. ಅಲ್ಲಿ ಇಳಿದು ಅವರ ಮುಂದೆ ನೀನೇ ಹೇಳಬೇಕು ಈ ಕಥೆ. ನಾನು ಹೇಳಿದ್ರೆ ನಂಬಲ್ಲ. ಆಮೇಲೆ ನಿಮ್ಮನ್ನ ವಾಪಸು ಬಸ್ ಹತ್ತಿಸ್ತೀನಿ."

ಮೇಸ್ತ್ರಿ ಕೈಯ ಕೊಳೆಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ಸಾವಿರಾರು ಕಾರುಗಳ ಮೈ ಸವರಿದವರು, ಹೊಚ್ಚ ಹೊಸ ಕಾರಿನೊಳಗೆ ಕೂತು ರಸ್ತೆಗಿಳಿದದ್ದು ಅದೇ ಮೊದಲು. ಅಕ್ಕ ಕೀಲಿ ತಿರುಗಿಸಿದರು. ಎಂಜಿನ್ ಸಣ್ಣಗೆ ಎದ್ದಿತು.

"ಕೇಳಿಸ್ಕೋ" ಎಂದರು ಅಕ್ಕ. "ಏನನ್ಸುತ್ತೆ?"

ಮೇಸ್ತ್ರಿ ಕಣ್ಣು ಮುಚ್ಚಲು ಹೋಗಿ, ನಿಲ್ಲಿಸಿ, ಕಣ್ಣು ಬಿಟ್ಟುಕೊಂಡೇ ಕೇಳಿದರು. ಕಿಟಕಿಯ ಹೊರಗೆ ಅವರ ಶೆಡ್ಡು, ಬೀದಿ, ಬೀದಿಯ ತುದಿಯ ಗೋಡೆ ಎಲ್ಲ ನಿಧಾನವಾಗಿ ಹಿಂದೆ ಸರಿಯುತ್ತಿದ್ದವು. ಹಿಂದಿನ ಸೀಟಿನಲ್ಲಿ ಟೈಲರಮ್ಮ ಸೀಟಿನ ಹೊಲಿಗೆಯನ್ನು ಉಗುರಿನಿಂದ ಕೆದಕಿ, "ದಾರ ಸುಮಾರು" ಎನ್ನುತ್ತಿದ್ದರು.

"ಆರೋಗ್ಯವಾಗಿದೆ ಅಕ್ಕಾ" ಎಂದರು ಮೇಸ್ತ್ರಿ.

ಇಷ್ಟೇ ನಡೆದದ್ದು. ನಾಳೆ ಬೆಳಿಗ್ಗೆ ಶೆಡ್ಡಿಗೆ ಹೋಗಿ ಇದನ್ನು ಇಬ್ಬರಿಗೂ ಓದಿ ಹೇಳುತ್ತೇನೆ, ತಪ್ಪು ಎಂದ ಕಡೆ ತಿದ್ದುತ್ತೇನೆ.